ಸೋಮವಾರದ ಜಮೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ ಬಾಬಾಜಾನ್ ಸಾಬ್ರು
ನನಗೆ ಮೊದಲು ಕಲಿಸಿದ್ದು ಕೊಳ್ಳೋದನ್ನಲ್ಲ,
ಸುಮ್ಮನೆ ಹಾದುಹೋಗೋದನ್ನ.
"ಎಲ್ಲಾ ಲಾಟಿನ ಮುಂದೂ ನಿಲ್ಲಬೇಡ ಕದಿರೇಶ.
ಒಂದು ಗೂಡು ಎತ್ತು, ಕಿವಿ ಹತ್ತಿರ ಅಲ್ಲಾಡಿಸು,
ಒಳಗಿನ ಹುಳ ಕಟಕಟ ಅಂದರೆ ಮಾಗಿದೆ, ನಿಲ್ಲು.
ಮೆತ್ತಗಿದ್ದರೆ, ಕಲೆಯಿದ್ದರೆ,
ಎರಡು ಹುಳ ಸೇರಿ ಒಂದೇ ಮನೆ ಕಟ್ಟಿದ್ದರೆ
ಕೈ ಕೊಡವಿ ಮುಂದೆ ನಡಿ."

ರಾತ್ರಿ ಬೇಸಿನ್ನಿನ ನೀರು ತಣ್ಣಗಾದ ಮೇಲೆ
ನೂಲಿನ ಲೆಕ್ಕ ಬರೆಯುವ ಅದೇ ಉದ್ದನೆ ಪುಸ್ತಕವನ್ನ
ಹಿಂದಿನ ಪುಟದಿಂದ ತೆರೀತೀನಿ.
ಮೇಜಿನ ಹೆಸರು, ಕುರ್ಚಿ ಎಷ್ಟು,
ಮೊದಲ ಮೂರು ಎಲೆ ನೋಡೋಕೆ ಉಳಿಯೋರು ಎಷ್ಟು ಮಂದಿ.
ಎಲೆ ಅಂದರೆ ನಮ್ಮೂರಲ್ಲಿ ಹುಳ ತಿನ್ನೋದು,
ಇದು ಬೇರೆ ಎಲೆ.
ಅದು ಬೀಳೋ ಮುಂಚೆ ಎಲ್ಲರೂ ಮಡಚಿದರೆ
ಆಪಿನವನು ಒಂದು ಪೈಸೆ ಮುರಿಯೋದಿಲ್ಲ.
ಮುರಿಯದಿದ್ದರೆ ವಾಪಸ್ಸು ಕೊಡೋದೆಲ್ಲಿಂದ?
ಅದಕ್ಕೇ ಒಂಬತ್ತು ಕುರ್ಚಿಯ ಜಾಣರ ಮೇಜು ಬಿಟ್ಟೆ.
ಅಲ್ಲಿ ಎಲ್ಲರೂ ಬಾಬಾಜಾನ್ ಸಾಬ್ರೇ,
ಎಲ್ಲರೂ ಅಲ್ಲಾಡಿಸಿ ಕೆಳಗಿಡೋರು.
ಆರು ಕುರ್ಚಿ ಸಾಕು, ಎರಡು-ಐದರ ಆಟ ಸಾಕು.
ದೊಡ್ಡಾಟದಲ್ಲಿ ಕಮಿಷನ್ನು ಮಿತಿ ಮುಟ್ಟಿ ನಿಂತುಬಿಡುತ್ತೆ,
ಸಣ್ಣದರಲ್ಲಿ ಹನಿಹನಿ ಸೋರುತ್ತಲೇ ಇರುತ್ತೆ.
ಮೊದಲು ಕೂತೋರಿಗೆಲ್ಲ ಸಮ ಹಂಚುತ್ತಿದ್ದರು,
ಕೈಕಟ್ಟಿ ಕೂತರೂ ಪಾಲು.
ಈಗ ರಾಶಿಗೆ ಹಾಕಿದೋನಿಗೆ, ಹಾಕಿದಷ್ಟಕ್ಕೇ,
ಮುರಿದ ನೂರಕ್ಕೆ ಮೂವತ್ತು ವಾಪಸ್ಸು.

ಹೋದ ಸೋಮವಾರ ಸಾವಿರದ ಮುನ್ನೂರೈವತ್ತು ಜಮೆ.
ಬಾಯ್ಲರಿಗೆ ಸೌದೆ ತುರುಕುತ್ತಾ ಫೋನು ನೋಡಿ ನಕ್ಕೆ.
"ಏನ್ ಬಂತು?" ಸುಗುಣ ಕೇಳಿದಳು.
"ವಾಪಸ್ ಬಂತು."
"ಕೊಟ್ಟಿದ್ದೆಷ್ಟು?"
ಬಿಸಿನೀರಲ್ಲಿ ಅವಳ ಬೆರಳು
ಎಳೆಯ ತುದಿ ಹುಡುಕುತ್ತಿತ್ತು, ತಲೆ ಎತ್ತಲಿಲ್ಲ.
ನಾಲ್ಕೂವರೆ ಸಾವಿರ ಅಂತ ನಾನು ಹೇಳಲಿಲ್ಲ.
ಮಾರ್ಕೆಟ್ಟಲ್ಲೂ ಕೊಳ್ಳೋನಿಂದ, ಮಾರೋನಿಂದ
ಎರಡೂ ಕಡೆ ಮುರೀತಾರೆ ನಿಜ,
ಅಲ್ಲಿ ಕೊನೆಗೆ ಗೂಡಾದರೂ ಚೀಲದಲ್ಲಿರುತ್ತೆ.

ಪುಸ್ತಕದಲ್ಲಿ ಕೆಂಪು ಇಂಕಿನ ಹೆಸರು ಒಂದೇ:
ಜಾಲಿಮರ ೭೧.
ಎಂಥ ಎಲೆ ಬಂದರೂ ಮಡಚೋನಲ್ಲ ಪುಣ್ಯಾತ್ಮ.
ಅವನು ಕೂತ ಕಡೆ ರಾಶಿ ಉಕ್ಕುತ್ತೆ.
ಅವನೆದ್ದರೆ ನಾನೂ ಏಳ್ತೀನಿ,
ಅವನು ಮೇಜು ಬದಲಾಯಿಸಿದರೆ ಹುಡುಕಿಕೊಂಡು ಹೋಗಿ
ಅವನ ಎಡಕ್ಕೇ ಕೂರ್ತೀನಿ,
ಅವನು ಹಾಕಿದ ಮೇಲೆ ನನ್ನ ಸರದಿ ಬರೋ ಹಾಗೆ.
ಎಂಟು ವಾರ ಆಯ್ತು.

ಗುರುವಾರ ರಾತ್ರಿ ನಾಲ್ಕು ಸಲ ದುಡ್ಡು ತುಂಬಿಸಿದ,
ನಾಲ್ಕು ಸಲವೂ ಬಿಟ್ಟ.
ಎರಡೂಕಾಲಿಗೆ ಬರೆದ: ನಾಳೆ ಲಾಟಿಗೆ ಇಟ್ಟಿದ್ದು ಇದು.
ಅಷ್ಟೇ. ಮತ್ತೇನೂ ಬರೆಯಲಿಲ್ಲ.
ಲಾಟು ಅಂದರೆ ಸೈಟಿದ್ದೀತು, ಲಾರಿ ಮಾಲಿದ್ದೀತು,
ದೇಶದಲ್ಲಿ ಎಷ್ಟೊಂದು ಊರು.

ಶುಕ್ರವಾರ ಹರಾಜು.
ಹದಿನೇಳನೇ ಲಾಟಿನ ಮುಂದೆ
ದಿಬ್ಬೂರಹಳ್ಳಿ ಕಡೆಯ ರೀಲರ್ ಒಬ್ಬ
ಗೂಡು ಎತ್ತಿ ಕಿವಿಗೆ ಹಿಡಿದ.
ಒಳ್ಳೇ ಮಾಲು, ನಾಲ್ಕಡಿ ದೂರ ನನಗೂ ಕೇಳಿಸಿತು.
ಇಳಿಸಿದ. ಮತ್ತೆ ಎತ್ತಿದ.
ಫೋನು ತೆಗೆದ, ಬೆಲೆ ಒತ್ತಲಿಲ್ಲ.
ಕಣ್ಣು ಕೆಂಪಗಿತ್ತು.
ಹೊಗೆಗೂ ಆಗುತ್ತೆ ಹಾಗೆ,
ನಮ್ಮೂರ ರೀಲರುಗಳಲ್ಲಿ ಯಾರ ಕಣ್ಣು ಬೆಳ್ಳಗಿದೆ?
ನಾನು ಹೆಸರು ಕೇಳಲಿಲ್ಲ.
"ನಿಂತೆ ಯಾಕೆ, ಮುಂದೆ ನಡಿ,"
ಹಿಂದಿನಿಂದ ಬಾಬಾಜಾನ್ ಸಾಬ್ರು.

ಇವತ್ತು ಶನಿವಾರ, ರಾತ್ರಿ ಹನ್ನೊಂದು ಇಪ್ಪತ್ತು.
ಆರು ಕುರ್ಚಿಯಲ್ಲಿ ಐದು ತುಂಬಿದೆ,
ಜಾಲಿಮರ ೭೧ರ ಎಡಕ್ಕೆ ಖಾಲಿ.
ಹೆಬ್ಬೆರಳಿಗೆ ಗೂಡಿನ ಅಂಟು,
ಎರಡು ಸಲ ಒತ್ತಿದರೂ ಫೋನು ಕೇಳಲಿಲ್ಲ.
"ಬೆಳಗ್ಗೆಗೆ ಸೌದೆ ಇದೆಯಾ?"
ಒಳಗಿನಿಂದ ಸುಗುಣ.
ಲುಂಗಿಗೆ ಬೆರಳು ಒರೆಸಿಕೊಳ್ತಾ ಇದೀನಿ.
ಸೋಮವಾರಕ್ಕೆ ಇನ್ನೂ ಎರಡು ರಾತ್ರಿ ಇದೆ.