ಸ್ವಲ್ಪ ತಡಿ

ಗುಜರಿ ಪಿಳ್ಳಪ್ಪ ಅದನ್ನು ತೂಕಕ್ಕೆ ಹಾಕಲು ಹೊರಟಿದ್ದ.
ಹೈಸ್ಕೂಲಿನ ಬೀರುವಿನಿಂದ ಬಂದದ್ದು,
ಎಂಬತ್ತರ ದಶಕದ ಕಂಪ್ಯೂಟರು,
ಗೆದ್ದಲು ಮುಟ್ಟದೆ ಬಿಟ್ಟದ್ದು ಇದೊಂದೇ ಅಂದ.
ಮುನ್ನೂರು ಕೊಟ್ಟೆ. ಮೇಲೊಂದು ಟೀ.

ದಿಬ್ಬೂರಹಳ್ಳಿ ರಸ್ತೆಯ ನನ್ನ ಅಂಗಡಿಗೆ
ಈಗ ಯಾರೂ ಟೀವಿ ತರುವುದಿಲ್ಲ.
ಮೂಲೆಯಲ್ಲಿ ಹಳೆಯ ಮಾನಿಟರೊಂದಿತ್ತು, ಹಸಿರು ಕಣ್ಣಿನದು.
ಜೋಡಿಸಿ ಸ್ವಿಚ್ ಒತ್ತಿದರೆ
ಬೀಪ್ ಅಂತು ಜೀವ.
ಅಕ್ಷರವೂ ಬಂತು.
ಅಕ್ಷರದ ಮೇಲೆಲ್ಲ ಚುಕ್ಕಿ, ಚುಕ್ಕಿ, ಚುಕ್ಕಿ.

ಕೈಪಿಡಿಯಲ್ಲಿ ಇದಕ್ಕೆ ಹಿಮ ಎಂದು ಹೆಸರು.
ಶಿಡ್ಲಘಟ್ಟದಲ್ಲಿ ಹಿಮ ಕಂಡವರಾರು?
ಕಣದಲ್ಲಿ ಗಾಳಿ ಏಳುವ ಹೊತ್ತಿಗೆ
ಮೊರ ಎತ್ತಿ ರಾಗಿ ತೂರಿದಂತಿತ್ತು.
ಹೊಟ್ಟು ಕಣ್ಣಿಗೆ ಬಿದ್ದವನ ಹಾಗೆ
ಪರದೆಯ ಮುಂದೆ ರೆಪ್ಪೆ ಬಡಿದೆ.

ಮೂರು ರಾತ್ರಿ ನಕ್ಷೆ ಹರಡಿಕೊಂಡು ಕೂತೆ.
ರೋಗ ದೊಡ್ಡದಲ್ಲ, ಹಟ ದೊಡ್ಡದು:
ನೆನಪಿನ ಚಿಪ್ಪು ಒಂದೇ,
ಕೇಳುವವರಿಬ್ಬರು.
ಲೆಕ್ಕ ಮಾಡುವವನು ಬರೆಯಲು ಕೈ ಹಾಕಿದ ಗಳಿಗೆಯಲ್ಲೇ
ಪರದೆಗೆ ಓದಿ ಹೇಳುವವನೂ ಕೈ ಹಾಕುತ್ತಾನೆ.
ಬೀದಿನಲ್ಲಿಗೆ ಒಂದೇ ಸಲ ಒಡ್ಡಿದ ಎರಡು ಕೊಡ,
ಯಾವುದೂ ತುಂಬುವುದಿಲ್ಲ, ನೆಲ ಒದ್ದೆ.

ಒಂದು ಗೆರೆ ಕತ್ತರಿಸಬೇಕು.
ಹಳೆ ಚಿಪ್ಪಿನ ಬೆನ್ನ ಮೇಲೆ ಹೊಸದೊಂದನ್ನು,
ಎಪ್ಪತ್ನಾಲ್ಕು ಮುನ್ನೂರ ಎಪ್ಪತ್ಮೂರು, ಕೂರಿಸಬೇಕು,
ಕೆಲವು ಕಾಲು ಬೆಸೆದು, ಕೆಲವು ಎತ್ತಿ,
ಎತ್ತಿದ ಕಾಲಿಂದ ಕೂದಲೆಳೆಯ ತಂತಿ.
ಅಲ್ಲಿಗೆ ನನ್ನ ಕೈ ನಡುಗಿತು.
ಅರವತ್ತೆರಡು. ಸಕ್ಕರೆ. ಏನು ಮಾಡಲಿ.

ಪಕ್ಕದ ಫಿಲೇಚರಿನ ಜಬೀನಾಳನ್ನು ಕರೆದೆ.
ಬೆಳಗಿನಿಂದ ಬಿಸಿನೀರಲ್ಲಿದ್ದ ಬೆರಳು, ತುದಿ ಬಿಳಿಚಿ ಸುಕ್ಕು,
ಸೆರಗಿಗೆಲ್ಲ ಗೂಡು ಬೆಂದ ವಾಸನೆ.
ಭೂತಗನ್ನಡಿಯಡಿ ಬಗ್ಗಿ ನೋಡಿ
"ಇಷ್ಟು ದಪ್ಪಾನಾ?" ಅಂದಳು ತಂತಿಗೆ.
ಬಿಚ್ಚಾಣಿಕೆಯವಳ ಕಣ್ಣಿಗೆ
ನನ್ನ ಮೂವತ್ತು ಗೇಜು ಬಾವಿಹಗ್ಗ.

ಐದು ನಿಮಿಷದಲ್ಲಿ ಸೋಲ್ಡರ್ ಕಲಿತಳು.
ನನ್ನ ಹಾಗೆ ಉಸಿರು ಬಿಗಿಹಿಡಿಯಲಿಲ್ಲ,
ಮಾರ್ಕೆಟ್ಟಿನಲ್ಲಿ ಗೂಡಿನ ರೇಟು, ಸೊಸೆಯ ಹಲ್ಲುನೋವು
ಹೇಳುತ್ತಲೇ
ಏಳು ತಂತಿ ಏಳು ಕಾಲಿಗೆ ತಾಗಿಸಿದಳು.
ರಾಳದ ಹೊಗೆಗೆ ಮಾತ್ರ ಕೆಮ್ಮಿದಳು.

ಬೋರ್ಡು ತಿರುವಿದಾಗ ಅವಳಿಗೇ ಕಂಡದ್ದು:
"ಅಣ್ಣಾ, ಇಲ್ಲಿ ಮೊದ್ಲೇ ಯಾರೋ ಎಳೆ ಕಟ್ಟವ್ರೆ."
ಹಸಿರು ತಂತಿ, ಎರಡಂಗುಲ, ಕಾರ್ಖಾನೆಯದು,
ಅಂಟು ಹಚ್ಚಿ ಓರಣವಾಗಿ ಮಲಗಿಸಿದ್ದು.
ಅಂದರೆ ಹುಟ್ಟಿದ ದಿನವೇ ತಪ್ಪಿತ್ತು.
ಯಾರೋ ಒಬ್ಬಳು, ಯಾವ ಊರೋ, ಯಾವ ಪಾಳಿಯೋ,
ಸಾವಿರ ಬೋರ್ಡಿಗೆ ಸಾವಿರ ಸಲ
ಅದೇ ಎರಡಂಗುಲ ಬೆಸೆದು
ಬಸ್ಸು ಹಿಡಿದು ಮನೆಗೆ ಹೋಗಿದ್ದಳು.
ಜಬೀನಾ ಅದನ್ನು ಉಗುರಿಂದ ಮೆಲ್ಲಗೆ ಮೀಟಿ
"ಕೈ ಒಳ್ಳೇದು" ಅಂದಳು.

ಸ್ವಿಚ್ ಒತ್ತಿದೆ.
ಹೊಟ್ಟು ತಗ್ಗಿತು, ಹೋಗಲಿಲ್ಲ.
ತಾಳ ಹಾಕುವ ಗೆರೆ ಕೂದಲಷ್ಟು ಮುಂದೋಡುತ್ತಿತ್ತು.
ಅದಕ್ಕೂ ನೆಲಕ್ಕೂ ನಡುವೆ
ಮಸೂರಬೇಳೆಯಷ್ಟು ಒಂದು ಕೆಪಾಸಿಟರ್ ಇಟ್ಟೆವು.
ಅದರ ಕೆಲಸ ಒಂದೇ ಮಾತು ಹೇಳುವುದು:
ಸ್ವಲ್ಪ ತಡಿ, ಅವನು ಓದಿ ಮುಗಿಸಲಿ.
ಸೆಕೆಂಡಿನ ಕೋಟಿಯಲ್ಲೊಂದು ಪಾಲೂ ಇಲ್ಲ ಆ ತಡ.

ಪಾಲಿನ ದಿನ ನಾನೂ ತಮ್ಮ ಗಂಗಾಧರನೂ
ಒಟ್ಟಿಗೇ ಮಾತಾಡಿದೆವು.
ಒಟ್ಟಿಗೇ ನಿಲ್ಲಿಸಿದೆವು.
ಹತ್ತೊಂಬತ್ತು ವರ್ಷ.

ಈಗ ಪರದೆ ತಿಳಿ. ಹಸಿರು ಕರ್ಸರು
ತನ್ನ ಪಾಡಿಗೆ ಮಿಟುಕುತ್ತದೆ.
ಬಲಗಡೆ ಕೆಳಮೂಲೆಯಲ್ಲಿ ಮಾತ್ರ ಒಂದು ಚುಕ್ಕಿ,
ಬಂದರೆ ಬಂತು, ಹೋದರೆ ಹೋಯಿತು.
ನಾಳೆ ಇನ್ನೊಂದು ಎಳೆ ಹಾಕಿದರೆ ಅದೂ ಹೋಗುತ್ತೆ ಅಂದೆ.
ಅವಳು ಕೈ ಒರೆಸಿಕೊಂಡು ಎದ್ದಿದ್ದಳು,
"ನೀರು ಕುದಿಯೋಕಿಟ್ಟು ಬಂದಿದೀನಿ.
ಒಂದು ಕಾಳು ಬಿಡಣ್ಣಾ, ಗುಬ್ಬಿಗೆ."

ಮಾನಿಟರ್ ಆರಿಸಿದೆ.
ಬೆಳಕೆಲ್ಲ ನಡುಮಧ್ಯಕ್ಕೆ ಓಡಿ ಬಂದು
ಒಂದೇ ಬಿಂದುವಾಗಿ
ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು.