ಹನಿ ಅಲ್ಲ, ಹಣಿ

ಕಪನೂರಿನ ದಾಲ್ ಮಿಲ್ಲಿಗೆ ನಾನು ಹೋದದ್ದು
ಒಂದು ಣಕಾರಕ್ಕಾಗಿ.
ಕಲಬುರಗಿಯ ಬಾಯಲ್ಲಿ ಮನೆ ಮನಿಯಾಗಿ
ಮಣಿಗೆ ಒತ್ತಿಕೊಂಡು ಕೂರುತ್ತದೆ,
ಹಣೆ ಹಣಿಯಾಗಿ ಹನಿಯ ಪಕ್ಕಕ್ಕೆ ಬರುತ್ತದೆ.
ನಡುವೆ ಉಳಿಯುವುದು ನಾಲಿಗೆ ತುದಿಯ ಒಂದು ಮಡಿಕೆ,
ಅರ್ಧ ಬೆರಳಿನ ದೂರ.
ಅದನ್ನು ಅಳೆಯಬೇಕಿತ್ತು ನನಗೆ.
ಚೀಲದಲ್ಲಿ ರೆಕಾರ್ಡರು, ನಲವತ್ತು ಪದಗಳ ಪಟ್ಟಿ,
ವಿಶ್ವವಿದ್ಯಾಲಯದ ಮೊಹರಿನ ಪತ್ರ.

ಒಳಗೆ ಕಾಲಿಟ್ಟರೆ ಯಂತ್ರ.
ತೊಗರಿ ಒಡೆಯುವ, ಹೊಟ್ಟು ಊದುವ, ಜರಡಿ ಕುಣಿಸುವ ಯಂತ್ರ.
ನನ್ನ ಎದೆಗೂಡಿನಲ್ಲಿ ಬೇರೆ ಯಾರದೋ ಎದೆ ಬಡಿದ ಹಾಗೆ.
ರಾತ್ರಿ ರೂಮಿನಲ್ಲಿ ಕೂತು ಕೇಳಿದರೆ
ನಕಾರವೂ ಇಲ್ಲ, ಣಕಾರವೂ ಇಲ್ಲ,
ಮೂರು ತಾಸು ಬರೀ ಬೇಳೆ.

ಆದರೂ ಅಲ್ಲಿ ಯಾರೂ ಸುಮ್ಮನಿರಲಿಲ್ಲ.
ಜರಡಿಯ ಆ ದಡದಿಂದ ಈ ದಡಕ್ಕೆ
ಹದಿನೆಂಟು ಹೆಂಗಸರದು ಒಂದೇ ಸಮ ಮಾತು:
ಸೊಸೆಯ ಚಾಡಿ, ಚೀಟಿಯ ಲೆಕ್ಕ, ಲಾಲಪ್ಪ ಮೇಸ್ತ್ರಿಯ ನಡಿಗೆ.
ಎಲ್ಲ ಕೈಯಲ್ಲಿ.
ಕಲಿಸಿದವಳು ಸುಗಲಾಬಾಯಿ.
ಹುಟ್ಟಿದಾಗಿನಿಂದ ಕಿವಿ ಕೇಳದವಳು. ಸತ್ತುಹೋದ ತಂಗಿಗೂ ಕೇಳುತ್ತಿರಲಿಲ್ಲವಂತೆ.
ಅಕ್ಕ ತಂಗಿ ಒಲೆಯ ಮುಂದೆ ಕಟ್ಟಿಕೊಂಡ ಭಾಷೆಗೆ
ಇಪ್ಪತ್ತು ವರ್ಷದಿಂದ ಈ ಮಿಲ್ಲೇ ಒಕ್ಕಲು.
ಯಂತ್ರದೆದುರು ಎಲ್ಲರ ಕಿವಿಯೂ ಅವಳ ಕಿವಿ;
ಅಲ್ಲಿ ಅವಳೇ ವ್ಯಾಕರಣ.

ಎರಡನೆಯ ದಿನ ನಾನೂ ಬಾಯಿಬಿಟ್ಟೆ,
ಅಂದರೆ, ಕೈ ಬಿಟ್ಟೆ.
ನೀರು ಬೇಕಿತ್ತು: ಎರಡು ಬೆರಳು ಮಡಚಿ, ಗದ್ದಕ್ಕೆ ಎರಡು ಸಲ.
ನನ್ನ ಬೆರಳು ಕೆನ್ನೆಗೆ ತಾಗಿತು.
ಜರಡಿಗೆ ಜರಡಿಯೇ ನಕ್ಕಿತು.
ನಾನು ಕೇಳಿದ್ದು ಗಂಡನನ್ನಂತೆ.
ಸುಗಲಾಬಾಯಿ ನನ್ನ ಮುಂಗೈ ಹಿಡಿದು
ನಾಲ್ಕು ಬೆರಳು ಕೆಳಗಿಳಿಸಿದಳು.
ಅದೇ ಆಕಾರ, ಅದೇ ಬಡಿತ, ಜಾಗ ಬೇರೆ.
ಒಂದನೇ ಇಯತ್ತೆಯಲ್ಲಿ ನನ್ನ ದವಡೆ ಹಿಡಿದು
'ಹಲ್ಲಿ ಅಲ್ಲವ್ವ, ಹಳ್ಳಿ' ಎಂದ
ಮಾಸ್ತರರ ಸುಣ್ಣದ ಕೈ ನೆನಪಾಯಿತು.

ಹಳಬರು ಉಚ್ಚಾರಕ್ಕೆ ಸ್ಥಾನ ಎಂದರು, ಕರಣ ಎಂದರು.
ಕರಣದೊಳಗೆ ಕರ ಇರುವುದು
ಅವರಿಗೆ ಕಾಣಲಿಲ್ಲವೋ,
ಕಂಡೂ ಬಾಯಿಯ ದಾರಿ ಹಿಡಿದರೋ.
ಪದಪಟ್ಟಿ ತಿರುವಿಹಾಕಿ ಬೆನ್ನಿಗೆ ಬರೆದುಕೊಂಡೆ:
ಮುಷ್ಟಿ, ಅಂಗೈ, ಕೊಕ್ಕೆ ಬೆರಳು ವ್ಯಂಜನಗಳು;
ಅವು ಹೊರಟರೆ ಸ್ವರ.
ನಿಂತುಬಿಟ್ಟ ಕೈ ಅರ್ಧಾಕ್ಷರ,
ಕ್, ತ್, ಪ್ ಇದ್ದ ಹಾಗೆ, ಗುಣಿತ ಕಾಣದ್ದು.
ಹುಬ್ಬು ಏರಿತೋ, ಪ್ರಶ್ನೆ.
ಊಟದ ಮೇಲೆ ಚೀಲಕ್ಕೊರಗಿ ನಿದ್ದೆಹೋದ ಅವಳ ಬಲಗೈ
ತೊಡೆಯ ಮೇಲೆ ಏನೋ ಗೊಣಗುತ್ತಿತ್ತು.
ಅದನ್ನು ಬರೆಯಲಿಲ್ಲ.

ಮೂರನೆಯ ದಿನ ಮೂರೂಕಾಲಿಗೆ ಕರೆಂಟು ಹೋಯಿತು.
ಬೆಲ್ಟು ಉಸ್ಸೆಂದು ನಿಂತಿತು.
ಹದಿನೇಳು ಜೋಡಿ ಕೈ ಗಾಳಿಯಲ್ಲೇ ತುಂಡಾಗಿ
ಉಳಿದ ಅರ್ಧವನ್ನು ಬಾಯಿ ಮುಗಿಸಿತು.
ಎಂಥ ಗದ್ದಲ! ಎಷ್ಟೊಂದು ಣಕಾರ!
ನಾನು ರೆಕಾರ್ಡರಿಗೆ ಕೈ ಹಾಕಿದೆ.
ಸುಗಲಾಬಾಯಿ ಒಬ್ಬಳೇ ತನ್ನ ಮಾತನ್ನು
ಕೈಯಲ್ಲೇ ಕೊನೆತನಕ ಒಯ್ದಳು, ನನ್ನ ಕಡೆ ನೋಡುತ್ತ.
ಯಾರೂ ನೋಡಲಿಲ್ಲ.
ಮತ್ತೆ ಅಂದಳು.

ಏನಂತಾಳೆ, ಎಂದೆ ಪಕ್ಕದ ತಾಹೇರಾಬಿಗೆ.
'ನಿಮ್ಮ ಹಣಿಗಿ ಹೊಟ್ಟು ಹತ್ಯಾದಂತ್ರಿ.'
ಹನಿ? ಎನ್ನುತ್ತ ಮೂಗಿನ ತುದಿಯ ಬೆವರು ಒರೆಸಿಕೊಂಡೆ.
'ಹನಿ ಅಲ್ರೀ ಮೇಡಂ. ಹಣಿ, ಹಣಿ!'

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು,
ಅದಕ್ಕೆ ಬೇಕಾದದ್ದು ಸಿಕ್ಕಿತ್ತು.
ಅಷ್ಟರಲ್ಲಿ ಸುಗಲಾಬಾಯಿ ಎದ್ದು ಬಂದು
ಸೆರಗಿನ ತುದಿಯಿಂದ,
ಜಾಗ ತಪ್ಪದೆ,
ಒರೆಸಿದಳು.