ಪುಟ ನೂರ ಹನ್ನೆರಡು

ಪುಟಕ್ಕೆ ಹದಿನೆಂಟು ರೂಪಾಯಿ. ಕರಡು ತಿದ್ದಿದರೆ ಮೇಲೆ ನಾಲ್ಕು.
ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ಈ ಮಳಿಗೆಯಲ್ಲಿ
ಹನ್ನೊಂದು ವರ್ಷದಿಂದ ಕಾದಂಬರಿಗಳು
ನನ್ನ ಬೆರಳ ತುದಿಯಿಂದಲೇ ಇಳಿಯುತ್ತವೆ,
ಲಗ್ನಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರಿನ ನಡುವೆ.

ಇವತ್ತಿನದು ದಪ್ಪ. ಬರೆದವರು ದೊಡ್ಡವರು.
ಪುಟ ನೂರ ಹನ್ನೆರಡರಲ್ಲಿ
ಬೆಟ್ಟ ಮಲಗಿದೆ, ಯಾರೂ ಮುಟ್ಟದ ಹೆಣ್ಣಿನ ಹಾಗೆ.
ಮೂರು ಸಾಲು ಕೆಳಗೆ ಜೆಸಿಬಿ ಬರುತ್ತದೆ.
ಮಣ್ಣು ನರಳುತ್ತದೆ, ನರಳುವಿಕೆಗೆ ಐದು ವಿಶೇಷಣ.
ಆಮೇಲೆ ಎಲ್ಲ ಸಹಿಸಿಕೊಳ್ಳುತ್ತಾಳೆ. ತಾಯಿಯಲ್ಲವೇ.

'ನರಳುವಿಕೆ'ಯಲ್ಲೊಂದು ಕೊಂಬು ಬಿಟ್ಟುಹೋಗಿತ್ತು.
ಹಾಕಿದೆ. ನನ್ನ ಕೆಲಸ ಅಷ್ಟೇ.

ಆ ಬೆಟ್ಟ ನನಗೆ ಗೊತ್ತು.
ಜೋಗಿಮಟ್ಟಿಯ ಹಿಂಬದಿ, ನಮ್ಮ ಚಿಕ್ಕವ್ವ ಬೋರಕ್ಕ
ಮೂವತ್ತು ವರ್ಷ ಸೀತಾಫಲ ಕಿತ್ತ ಬೆಟ್ಟ.
ಮುಟ್ಟದ್ದೆಂದರೆ ಹೇಗೆ?
ಒಂದೊಂದು ಗಿಡವೂ ಅವಳ ಕೈ ಕಂಡಿದೆ.
ಅವಳ ಮೊಣಕೈಯಲ್ಲಿ ಕಾರೆಮುಳ್ಳಿನ ಗೀರು,
ಗೀರಿನ ಮೇಲೆ ಗಾರ್ಡು ಹಿಡಿದೆಳೆದ ಗುರುತು,
ಯಾವುದು ಯಾವುದೆಂದು ಅವಳಿಗೇ ಮರೆತಿದೆ.
ಇಲ್ಲ, ಮರೆತಿಲ್ಲ. ಹೇಳುವುದಿಲ್ಲ.

ಹೋದ ವರ್ಷ ಒಬ್ಬ ಮೇಡಂ ಬರೆದ ಕಾದಂಬರಿ ಬಂದಿತ್ತು.
ಅದರಲ್ಲಿ ನಾಯಕಿ ಮರವನ್ನು ಅಪ್ಪುತ್ತಾಳೆ,
ಬೇರಾಗುತ್ತಾಳೆ, ಹೊಳೆಯಾಗುತ್ತಾಳೆ, ಕೊನೆಗೆ ಮಾತೇ ಬಿಡುತ್ತಾಳೆ.
ಟೈಪು ಮಾಡುತ್ತ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳುವುದಿಲ್ಲ.
ಮನೆಗೆ ಹೋಗಿ ಚಿಕ್ಕವ್ವನಿಗೆ ಓದಿದೆ.
'ನಾನೂ ಒಂದ್ಸಲ ಅಪ್ಪಿಕಂಡಿದ್ದೆ ಕಣೆ ಮರಾನ,
ಕರಡಿ ಬಂದಾಗ.
ಅದೂ ಹತ್ತುತ್ತೆ ಅಂತ ಮೇಲೋದ್ಮೇಲೆ ನೆಪ್ಪಾತು.'

ನಕ್ಕೆವು, ಸಾಕಷ್ಟು.
ಆಮೇಲೆ ಎಲೆಯಡಿಕೆ ಚೀಲ ಬಿಚ್ಚುತ್ತ ಕೇಳಿದಳು:
'ಆಯಮ್ಮ ಹೊಳೆ ಆದ್ಮೇಲೆ
ಮನೀಗೆ ನೀರು ಯಾರು ತಂದ್ರು?'

ಭೂಮಿ ಅವಳೇ ಅಂತೆ.
ಪಹಣಿ ಮೈದುನನ ಹೆಸರಲ್ಲಿದೆ.
ಗುಡ್ಡದಂಚಿನ ಹೊಲದಲ್ಲಿ ಗಾಳಿಯಂತ್ರ ನಿಂತ ಜಾಗದ ದುಡ್ಡು
ಅವನ ಖಾತೆಗೆ ಬೀಳುತ್ತದೆ;
ಚಿಕ್ಕವ್ವನಿಗೆ ಬೀಳುವುದು ಅದರ ನೆರಳು,
ರೆಕ್ಕೆಗೊಂದು ಸಲ, ಅಂಗಳದಲ್ಲಿ ಒಣಹಾಕಿದ ಶೇಂಗಾ ಮೇಲೆ.

ಕಾಯಿ ಕೀಳುವ ಹೊತ್ತು ಅವಳಿಗೆ ಹೇಗೆ ತಿಳಿಯುತ್ತದೆ ಎಂಬುದು
ಯಾವ ಪುಟದಲ್ಲೂ ಇಲ್ಲ.
ಕಣ್ಣು ಬಿಡಬೇಕು, ಅನ್ನುತ್ತಾಳೆ.
ಗುಬುಟು ಗುಬುಟಿನ ನಡುವೆ ಬಿಳಿ ಗೆರೆ ಮೂಡಬೇಕು.
ಅಲ್ಲಿವರೆಗೂ ಅದು ಯಾರದೂ ಅಲ್ಲ,
ಅಳಿಲಿನದು ಕೂಡ.
ಗಿಡಕ್ಕೆರಡು ಬಿಟ್ಟೇ ಬರುತ್ತಾಳೆ. ಯಾರಿಗೆ ಅಂದರೆ,
'ನಂಗೇನ್ ಗೊತ್ತು. ಯಾರೋ ಬರ್ತಾರೆ.'

ರಾತ್ರಿ ಎಂಟೂವರೆ. ಮಾಲೀಕರು ಶಟರ್ ಅರ್ಧ ಎಳೆದಿದ್ದಾರೆ.
ಕರ್ಸರ್ ಮಿಣುಕುತ್ತಿದೆ
'ಯಾರೂ ಮುಟ್ಟದ' ಎಂಬಲ್ಲಿಗೆ ಬಂದು.
ಅಚ್ಚಿನ ದೋಷ ಎಂದರೆ ಅವರು ನಂಬಿಯಾರು.
ಬ್ಯಾಕ್‌ಸ್ಪೇಸಿನ ಮೇಲೆ ಬೆರಳಿಟ್ಟು ಕೂತಿದ್ದೇನೆ.
ಬೆರಳಿಗಿನ್ನೂ
ಬೆಳಗ್ಗೆ ಬಿಡಿಸಿದ ಹಣ್ಣಿನ ಅಂಟು.